ಹಳೇ ಗಾಡಿ ಮತ್ತು ಆಡದ ಮಾತು

ಗಾಡಿಯ ಹೊಗೆಗೂ ಬಣ್ಣವಿದೆ, ಆ ಬಣ್ಣಕ್ಕೊಂದು ಅರ್ಥವಿದೆ ಎಂದು ನನಗೆ ತಿಳಿದದ್ದು ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ. ಒಲೆಯ ಹೊಗೆ ಗೊತ್ತಿತ್ತು. ಹಸಿ ಸೌದೆಯದು ಯಾವುದು, ನೀಲಗಿರಿ ಎಲೆಯದು ಯಾವುದು ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲವಳಾಗಿದ್ದೆ. ಆದರೆ ನಮ್ಮ ಮನೆಯ ಅಂಗಳದ ಪಿಕಪ್ ಗಾಡಿ ಬೆಳಗಿನ ಜಾವ ಕೆಮ್ಮುತ್ತಾ ಬಿಡುವ ಹೊಗೆ ಕಪ್ಪಾಗಿದ್ದರೆ ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ನೀಲಿಯಾಗಿದ್ದರೆ ಎಂಜಿನ್ ತನ್ನ ಆಯಿಲನ್ನು ತಾನೇ ಸುಡುತ್ತಿದೆ, ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಸೇರುತ್ತಿರಬಹುದು ಎಂಬುದನ್ನೆಲ್ಲ ನನಗೆ ಕಲಿಸಿದವರು ನಮ್ಮ ಮೆಕ್ಯಾನಿಕ್ ಸಾಬರು. "ಗಾಡಿ ಸುಳ್ಳು ಹೇಳಲ್ಲ ಟೀಚರಮ್ಮಾ, ಗಾಡಿ ಇಟ್ಕೊಂಡೋರು ಹೇಳ್ತಾರೆ" ಎಂದು ಅವರು ನಗುತ್ತಿದ್ದರು. ಆ ಮಾತು ಒಂದು ದಿನ ನನ್ನ ಅಡುಗೆಮನೆಗೇ ಬಂದು ನಿಲ್ಲುತ್ತದೆ ಎಂದು ಆಗ ನನಗೆ ಅನ್ನಿಸಿರಲಿಲ್ಲ.

ನಮ್ಮೂರು ಹೋಳೂರು, ಕೋಲಾರ ತಾಲ್ಲೂಕಿನ ಒಂದು ಹೋಬಳಿ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಆದರೂ ನಮ್ಮ ಜನ ಬೋರ್‌ವೆಲ್ ನೀರಿನಲ್ಲಿ ಟೊಮೆಟೊ ಬೆಳೆದು, ಹದಿನೈದು ಕಿಲೋ ಹಿಡಿಯುವ ಕ್ರೇಟುಗಳಲ್ಲಿ ತುಂಬಿ, ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆಗೆ ಸಾಗಿಸುತ್ತಾರೆ. ನಾನು ಹುಡುಗಿಯಾಗಿದ್ದಾಗ ಮಟಾಡೋರ್ ವ್ಯಾನುಗಳ ಕಾಲ. 1986ರ ನಂತರ ಟಾಟಾ 407 ಬಂತು. 2005ರಲ್ಲಿ ಟಾಟಾ ಏಸ್ ಬಂದು 'ಛೋಟಾ ಹಾಥಿ' ಎಂಬ ಹೆಸರಿನಲ್ಲಿ ಹಳ್ಳಿಹಳ್ಳಿಗೂ ನುಗ್ಗಿತು. ನಮ್ಮವರು ಮಾತ್ರ 2007ರಲ್ಲಿ, 2001ರ ಮಾಡೆಲಿನ ಒಂದು ಪಿಕಪ್ಪನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡರು. ಯಾವ ಕಂಪನಿಯದು ಎಂದು ಹೇಳುವುದಿಲ್ಲ. ನಾನು ಹೇಳಹೊರಟ ತಪ್ಪು ಗಾಡಿಯದಲ್ಲ, ನಮ್ಮದು.

ಹಳೇ ಗಾಡಿಯ ಸಂಸಾರವೂ ಹೆಂಗಸರಿಗೆ ಬೇಗ ಅರ್ಥವಾಗುವಂಥದ್ದೇ. ನಮ್ಮ ಕಡೆಯ ಗಡಸು ನೀರು ಬಿಸಿನೀರಿನ ಹಂಡೆಯಲ್ಲಿ, ಇಡ್ಲಿ ಪಾತ್ರೆಯಲ್ಲಿ ಬಿಳಿಯ ಪೊರೆ ಕಟ್ಟುತ್ತದಲ್ಲ, ಅದೇ ಪೊರೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ನೀರು ಓಡಾಡಲು ಜಾಗವಿಲ್ಲದೆ ಎಂಜಿನ್ ಕಾಯುತ್ತದೆ. ಕಾದೂ ಕಾದೂ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಹೋದರೆ ಬೇಳೆ ಬೇಯುವುದಿಲ್ಲ, ಅಷ್ಟೆ. ಎಂಜಿನ್ನಿನದು ಹೋದರೆ ನೀರು ಆಯಿಲಿಗೆ ಸೇರಿ, ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ನೊರೆ ಕಾಣುತ್ತದೆ. ಬೋರ್‌ವೆಲ್ ನೀರು ಬೇಡ, ಕೂಲೆಂಟ್ ಹಾಕಿ ಎಂದು ಸಾಬರು ಹೇಳಿ ಹೇಳಿ ಸೋತಿದ್ದರು. ಬ್ರೇಕ್ ಪೆಡಲನ್ನು ಒತ್ತಿ ಹಿಡಿದಾಗ ಅದು ಕಾಲಿನಡಿ ಮೆಲ್ಲಗೆ ಇಳಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರಿನ ರಬ್ಬರ್ ಸವೆದಿದೆ ಎಂದರ್ಥ. ಒಡೆದ ಟೊಮೆಟೊ ರಸ ಹುಳಿಯಲ್ಲವೇ, ಅದು ಸೋರಿ ಸೋರಿ ಗಾಡಿಯ ತಳದ ತಗಡನ್ನು ತಿನ್ನುತ್ತದೆ. ಇವೆಲ್ಲ ವಯಸ್ಸಿನ ಕಾಯಿಲೆಗಳು. ಒಂದಾದ ಮೇಲೊಂದು ಬರುತ್ತವೆ, ಒಂದಾದ ಮೇಲೊಂದು ಮಾಡಿಸುತ್ತೇವೆ. ಮಂಡಿನೋವಿನ ಅತ್ತೆಗೆ ಎಣ್ಣೆ ತಿಕ್ಕಿದ ಹಾಗೆ.

2016ರ ಬೇಸಿಗೆಯಲ್ಲಿ ಬಂದದ್ದು ಮಾತ್ರ ಆ ಜಾತಿಯ ಕಾಯಿಲೆಯಲ್ಲ. ಹಿಂದಿನ ಚಕ್ರದ ಹತ್ತಿರ, ಕಮಾನಿನ ಪ್ಲೇಟುಗಳನ್ನು ಕೂಡಿಸುವ ಜಾಗದಲ್ಲಿ, ಚಾಸಿಯಲ್ಲೇ ಬಿರುಕು ಬಿಟ್ಟಿತ್ತು. ಚಾಸಿ ಎಂದರೆ ಗಾಡಿಯ ಬೆನ್ನುಮೂಳೆ. ವರ್ಷಗಟ್ಟಲೆ ಹೊರಬೇಕಾದ್ದಕ್ಕಿಂತ ಹೆಚ್ಚು ಹೊರಿಸಿದ್ದೆವು. ಅದು ತಾಳುವಷ್ಟು ತಾಳಿ ಬಾಯಿ ಬಿಟ್ಟಿತ್ತು.

ವೆಲ್ಡಿಂಗ್ ಅಂಗಡಿಯವರು ಎರಡು ದಾರಿ ಹೇಳಿದರು. ಸರಿಯಾಗಿ ಮಾಡಬೇಕಾದರೆ ಮೇಲಿನ ಬಾಡಿ ಇಳಿಸಬೇಕು, ಬಿರುಕು ಎಲ್ಲಿ ಮುಗಿಯುತ್ತದೋ ಅಲ್ಲೊಂದು ಸಣ್ಣ ತೂತು ಕೊರೆಯಬೇಕು, ಆಮೇಲೆ ಬೆಸೆದು, ಒಳಗಿನಿಂದ ದಪ್ಪ ಪ್ಲೇಟು ಕೊಟ್ಟು ಬಿಗಿಯಬೇಕು. ಎಂಟು ದಿನ, 18,000 ರೂಪಾಯಿ. ತೂತು ಏಕೆ ಎಂದು ಕೇಳಿದೆ. ತೂತಿಲ್ಲದಿದ್ದರೆ ಬಿರುಕು ಮುಂದಕ್ಕೆ ಓಡುತ್ತದಂತೆ. ಕುರ್ತಾದ ಪಕ್ಕದ ಸೀಳು ಮೇಲಕ್ಕೆ ಹರಿಯದಿರಲೆಂದು ದರ್ಜಿ ಅದರ ತುದಿಗೆ ಗಟ್ಟಿ ಹೊಲಿಗೆ ಹಾಕುತ್ತಾನಲ್ಲ, ಹಾಗೆ. ಎರಡನೆಯ ದಾರಿ ಸುಲಭ. ಬಿರುಕಿನ ಮೇಲೆ ಒಂದು ಸಾಲು ವೆಲ್ಡಿಂಗ್ ಎಳೆದು, ಉಜ್ಜಿ, ಕಪ್ಪು ಬಣ್ಣ ಬಳಿಯುವುದು. ಒಂದು ಸಂಜೆಯ ಕೆಲಸ, 1,200 ರೂಪಾಯಿ.

ಆ ವರ್ಷ ನಮ್ಮ ಹೊಸ ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಧೂಳನ್ನೇ ಉಗುಳಿತ್ತು. ಅದರ ಸಾಲ ತಲೆಯ ಮೇಲಿತ್ತು. "ಹೇಗೂ ಮಾರೋ ಗಾಡಿ. ಸದ್ಯಕ್ಕೆ ಒಂದು ಕೋಟಿಂಗ್ ಹೊಡೆಸಿಬಿಡೋಣ" ಎಂದರು ನಮ್ಮವರು. ವೆಲ್ಡಿಂಗ್ ಅಂಗಡಿಯವರು ಬೆಸೆದು ಕೊಟ್ಟರು. ಬಣ್ಣ ಬಳಿದದ್ದು ಮನೆಯಲ್ಲೇ, ರಾತ್ರಿ. ಅವರು ಗಾಡಿಯ ಅಡಿಗೆ ನುಸುಳಿ ಬ್ರಷ್ ಎಳೆಯುತ್ತಿದ್ದರೆ, ಬಗ್ಗಿ ಕೂತು ಟಾರ್ಚ್ ಹಿಡಿದವಳು ನಾನು. "ಈ ಕಡೆ ತೋರಿಸು, ಇಲ್ಲಿ ಇನ್ನೂ ಕಾಣ್ತಾ ಇದೆ" ಎಂದಾಗ ಬೆಳಕನ್ನು ಆ ಕಡೆ ತಿರುಗಿಸಿದವಳೂ ನಾನೇ.

ವಾರದೊಳಗೆ ಶ್ರೀನಿವಾಸಪುರದ ಕಡೆಯಿಂದ ಒಬ್ಬ ಯುವಕ ಗಾಡಿ ನೋಡಲು ಬಂದ. ಮಾವಿನ ಕಾಯಿಯ ವ್ಯಾಪಾರ. ಸುಗ್ಗಿಯಲ್ಲಿ ಚಿತ್ತೂರಿನ ಕಡೆಯ ಜ್ಯೂಸ್ ಕಾರ್ಖಾನೆಗಳಿಗೆ ಲೋಡು ಹಾಕುವ ಯೋಚನೆ. ಜೊತೆಗೆ ಒಬ್ಬ ಡ್ರೈವರ್ ಸ್ನೇಹಿತ, ಹೆಂಡತಿ, ಸೊಂಟದ ಮೇಲೊಂದು ಮಗು. ಗಂಡಸರು ಗಾಡಿಯ ಸುತ್ತ ಸುತ್ತಿದರು. ಬಾನೆಟ್ ಎತ್ತಿದರು, ಆಯಿಲ್ ಕಡ್ಡಿ ತೆಗೆದು ನೋಡಿದರು, ಸ್ಟೇರಿಂಗ್ ಅಲ್ಲಾಡಿಸಿದರು, ಒಂದು ಸುತ್ತು ಓಡಿಸಿಕೊಂಡು ಬಂದರು. ಅಡಿಯಲ್ಲೂ ಬಗ್ಗಿ ನೋಡಿದರು. ಕಪ್ಪು ಬಣ್ಣ ಚೆನ್ನಾಗಿ ಒಣಗಿತ್ತು. 1,45,000ಕ್ಕೆ ಮಾತಾಯಿತು.

ಆ ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಕಾಫಿಗೆ ಇಟ್ಟಿದ್ದೆ. ಕತ್ತಿನಲ್ಲಿ ಕರಿಮಣಿ ಬಿಟ್ಟರೆ ಏನೂ ಇರಲಿಲ್ಲ. ಇದ್ದ ಸರ, ಬಳೆ ಎರಡನ್ನೂ ಅಡವಿಟ್ಟು ದುಡ್ಡು ಹೊಂದಿಸಿದ್ದೇವೆ ಎಂದು ತಾನಾಗಿಯೇ ಹೇಳಿಕೊಂಡಳು. ಆಮೇಲೆ ದನಿ ತಗ್ಗಿಸಿ, "ಅಕ್ಕಾ, ಗಂಡಸ್ರು ನೂರು ಮಾತಾಡ್ತಾರೆ. ನೀವು ಮನೇಲೇ ಇದ್ದು ನೋಡಿರೋರು. ಗಾಡೀಲಿ ಏನಾದ್ರೂ ಇದ್ರೆ ಹೇಳಿಬಿಡಿ. ನೀವೇನೂ ಹೇಳ್ಲಿಲ್ಲಾಂದ್ರೆ ಚೆನ್ನಾಗೈತೆ ಅಂತ್ಲೇ ಅನ್ಕೊಂತೀನಿ" ಎಂದಳು.

ನಾನು ಲೋಟದಲ್ಲಿ ಸಕ್ಕರೆ ಕಲಸುತ್ತಿದ್ದೆ. ಕಲಸುತ್ತಲೇ ಇದ್ದೆ. ಕರಗಿದ ಸಕ್ಕರೆಯನ್ನು ಮತ್ತೆ ಮತ್ತೆ ಕಲಸಿದೆ. "ಕಾಫಿ ಆರಿಹೋಗುತ್ತೆ, ತಗೋಮ್ಮ" ಎಂದೆ. ಅಷ್ಟೇ ನಾನು ಆಡಿದ್ದು. ಅವಳು ನಕ್ಕು ಲೋಟ ತೆಗೆದುಕೊಂಡಳು. 5,000 ಮುಂಗಡ ಕೊಟ್ಟು, ಬುಧವಾರ ದಿನ ಚೆನ್ನಾಗಿದೆ, ಅವತ್ತು ಬಂದು ಗಾಡಿ ಒಯ್ಯುತ್ತೇವೆ ಎಂದು ಹೇಳಿ ಹೋದರು.

ನಾನು ಸುಳ್ಳು ಹೇಳಿರಲಿಲ್ಲ, ನೋಡಿ. ಒಂದು ಸುಳ್ಳೂ ಆಡಿರಲಿಲ್ಲ. ಹಾಗೆಂದು ಎಷ್ಟು ಸಮಾಧಾನ ಮಾಡಿಕೊಂಡರೂ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಪುಣ್ಯಕೋಟಿಯ ಕಥೆ ಹೇಳಿ ವರ್ಷಗಳಾಗಿವೆ. ಆದರೆ ಪುಣ್ಯಕೋಟಿಯದು ಆಡಿದ ಮಾತನ್ನು ಉಳಿಸಿಕೊಂಡ ಕಥೆ. ಆಡದೇ ನುಂಗಿದ ಮಾತಿನ ಲೆಕ್ಕ ಯಾವ ಪಾಠದಲ್ಲಿದೆ?

ಅದು ಇದ್ದದ್ದು ನಾನು ನಿರೀಕ್ಷಿಸದ ಜಾಗದಲ್ಲಿ. ನನ್ನ ಅಣ್ಣನ ಮಗ ಆಗ ಕಾನೂನು ಓದುತ್ತಿದ್ದ. ಸೋಮವಾರ ಮನೆಗೆ ಬಂದಿದ್ದವನನ್ನು, ಯಾರದೋ ವಿಷಯವೆಂಬಂತೆ ಕೇಳಿದೆ. ಅವನು ನಕ್ಕು 1872ರ ಭಾರತೀಯ ಕರಾರು ಕಾಯಿದೆಯ ಪುಸ್ತಕ ತೆರೆದು 17ನೇ ಕಲಮು ತೋರಿಸಿದ. ಮೋಸ ಎಂದರೇನು ಎಂದು ಹೇಳುವ ಕಲಮು ಅದು. ಅಲ್ಲಿ ಉದಾಹರಣೆಗೆ ಕೊಟ್ಟಿರುವುದು ಒಂದು ಕುದುರೆ. ಕುದುರೆಗೆ ದೋಷವಿದೆ ಎಂದು ಗೊತ್ತಿದ್ದೂ ಒಬ್ಬ ಅದನ್ನು ಹರಾಜಿನಲ್ಲಿ ಏನೂ ಹೇಳದೆ ಮಾರಿದರೆ ಕಾನೂನಿನ ಪ್ರಕಾರ ಅದು ಮೋಸವಲ್ಲ. ಆದರೆ ಕೊಳ್ಳುವವಳು ಅವನ ಸ್ವಂತ ಮಗಳಾಗಿದ್ದು, ಆಗಷ್ಟೇ ವಯಸ್ಸಿಗೆ ಬಂದವಳಾಗಿದ್ದರೆ, ಹೇಳುವುದು ಅವನ ಕರ್ತವ್ಯ. ಮೂರನೆಯದನ್ನು ಓದುವಾಗ ನನ್ನ ಕೈ ತಣ್ಣಗಾಯಿತು. ನೀನು ಅಲ್ಲಗಳೆಯದಿದ್ದರೆ ಕುದುರೆ ಸರಿಯಾಗಿದೆ ಎಂದೇ ತಿಳಿಯುತ್ತೇನೆ ಎಂದು ಕೊಳ್ಳುವವನು ಹೇಳಿದಾಗ, ಮಾರುವವನು ಸುಮ್ಮನಿದ್ದರೆ ಆ ಮೌನ ಮಾತಿಗೆ ಸಮ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ಕರಾರು ಕಾಯಿದೆ ಓದಿದವಳಲ್ಲ. ಆದರೂ ಅವಳ ಬಾಯಿಂದ ಬಂದದ್ದು ಹೆಚ್ಚುಕಡಿಮೆ ಅದೇ ಮಾತು. ಹಾಗಾದರೆ ನನ್ನ ಚಮಚದ ಸದ್ದು "ಗಾಡಿ ಚೆನ್ನಾಗಿದೆ" ಎಂದು ಉತ್ತರ ಕೊಟ್ಟಂತೆಯೇ ಆಯಿತಲ್ಲ.

ಕಾನೂನು ಬೇರೆಯವರಿಗೂ ಮಗಳಿಗೂ ನಡುವೆ ಗೆರೆ ಎಳೆಯುತ್ತದೆ. ನಾವೂ ಎಳೆಯುತ್ತೇವೆ. ಆ ಗಾಡಿಯನ್ನು ನನ್ನ ಮಗಳ ಗಂಡ ಕೊಳ್ಳುವುದಾಗಿದ್ದರೆ ಕಪ್ಪು ಬಣ್ಣ ಬಳಿಯುತ್ತಿದ್ದೆವೇ? ಅವನು ಆ ಗಾಡಿಯಲ್ಲಿ ಮಾವಿನ ಲೋಡು ಹೊತ್ತು ಪಲಮನೇರು ದಾಟಿ ಮೊಗಿಲಿ ಘಾಟಿನ ಇಳಿಜಾರು ಇಳಿಯುವನೆಂದು ಗೊತ್ತಿದ್ದೂ ಸಕ್ಕರೆ ಕಲಸುತ್ತಾ ನಿಲ್ಲುತ್ತಿದ್ದೆನೇ? ಇಳಿಜಾರಿನಲ್ಲಿ ಬಿರುಕು ಬಾಯಿ ಬಿಟ್ಟರೆ ಅದಕ್ಕೆ ಬೇರೆಯವರ ಅಳಿಯ, ನನ್ನ ಅಳಿಯ ಎಂಬ ಭೇದ ತಿಳಿಯುವುದಿಲ್ಲ.

'ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು' ಎನ್ನುವ ಜನ ನಾವು. ಆ ಗಾದೆಯನ್ನು ನಗುತ್ತಲೇ ಹೇಳುತ್ತೇವೆ. ನನ್ನ ದೊಡ್ಡಮ್ಮನ ಮಗಳ ಮದುವೆಯಲ್ಲೂ ಯಾರೋ ಹೇಳಿ ನಕ್ಕಿದ್ದರು. ಹುಡುಗ ಬೆಳಗಾಗುತ್ತಲೇ ಕುಡಿಯುತ್ತಾನೆ ಎಂಬುದು ಅವನ ಊರಿಗೆಲ್ಲ ಗೊತ್ತಿತ್ತಂತೆ. ನಾಲ್ಕು ವರ್ಷಕ್ಕೆ ಎರಡು ಮಕ್ಕಳೊಂದಿಗೆ ಅವಳು ತವರಿಗೆ ಬಂದಾಗ, ಆ ಊರಿನ ಹೆಂಗಸರೇ "ಪಾಪ, ನೀವು ಒಂದ್ಮಾತು ಕೇಳಿದ್ರೆ ಹೇಳ್ತಿದ್ವಿ" ಎಂದು ಕಣ್ಣೊರೆಸಿಕೊಂಡರು. ಆ ಮಾತು ಕೇಳಿ ನಾನು ಉರಿದುಬಿದ್ದಿದ್ದೆ. ಈಗ ನೋಡಿದರೆ ನನ್ನನ್ನು ಒಬ್ಬಳು ಕೇಳಿಯೇ ಕೇಳಿದ್ದಳು. ಆ ಹೆಂಗಸರಿಗಿದ್ದ ಆ ನೆಪವೂ ನನಗಿರಲಿಲ್ಲ.

ಮಂಗಳವಾರ ರಾತ್ರಿ ಊಟವಾದ ಮೇಲೆ, "ನಾಳೆ ಅವರು ಬಂದಾಗ ಚಾಸಿ ವಿಷಯ ಹೇಳಿಬಿಡೋಣ ರೀ" ಎಂದೆ. ನಮ್ಮವರು ಮೊದಲು ನಂಬಲಿಲ್ಲ. ಆಮೇಲೆ ರೇಗಿದರು. "ನಮಗೆ ಮಾರಿದೋನು ಹೇಳಿದ್ನಾ? ಗಾಡಿ ಬಂದ ಎರಡೇ ತಿಂಗಳಿಗೆ ಎಂಜಿನ್ ಬಿಚ್ಚಿಸಲಿಲ್ವಾ? ಅವ್ರೂ ನೋಡಿಯೇ ತಗೊಂಡವ್ರೆ. ಡ್ರೈವರ್‌ನೂ ಕರ್ಕೊಂಡು ಬಂದಿದ್ರು" ಎಂದರು. ನಾನು ಸುಮ್ಮನಿದ್ದದ್ದನ್ನು ನೋಡಿ ಕೊನೆಗೆ, "ತಿಂಗಳಾದ್ರೆ ಸಂಬಳ ತಗೊಳ್ಳೋರಿಗೆ ಸತ್ಯ ಅಗ್ಗ ಕಣೇ" ಎಂದರು.

ಆ ಕೊನೆಯ ಮಾತು ನಾಟಿತು. ಅದರಲ್ಲಿ ನಿಜವಿದೆ. ಕ್ರೇಟಿಗೆ ಇವತ್ತು ಎಷ್ಟು ಸಿಗುತ್ತದೋ ಎಂದು ಕಾಯುವವನ ಪ್ರಾಮಾಣಿಕತೆಗೂ ಒಂದನೇ ತಾರೀಖಿನವಳ ಪ್ರಾಮಾಣಿಕತೆಗೂ ಬೆಲೆ ಒಂದೇ ಅಲ್ಲ. 2023ರ ಜುಲೈನಲ್ಲಿ ಒಂದು ಕ್ರೇಟ್ ಟೊಮೆಟೊ 2,000 ರೂಪಾಯಿ ದಾಟಿತ್ತು. ಅದೇ ಹಣ್ಣನ್ನು ಕೊಳ್ಳುವವರಿಲ್ಲದೆ ರಸ್ತೆಗೆ ಸುರಿದ ವರ್ಷಗಳನ್ನೂ ನಾವು ಕಂಡಿದ್ದೇವೆ. ಅಂಥ ಜೂಜಿನಲ್ಲಿ ಬದುಕುವವರಿಗೆ ಉಪದೇಶ ಮಾಡಲು ನಾನು ಯಾರು?

ಆದರೆ ಆ ಕಡೆಯವಳೂ ಸಂಬಳದವಳಲ್ಲ. ನಮ್ಮ ಬಡತನದ ನೆಪವನ್ನು ನಾವು ತೀರಿಸಿಕೊಳ್ಳಹೊರಟಿದ್ದು ನಮಗಿಂತ ಬಡವಳ ಸರ, ಬಳೆಯಿಂದ. ಮೋಸ ಬಹಳ ಸಲ ಹೀಗೆಯೇ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ನಮಗೆ ಮಾರಿದವನು ನಮ್ಮ ತಲೆಗೆ ಕಟ್ಟಿದ, ನಾವು ಅವಳ ತಲೆಗೆ, ಅವಳು ಇನ್ನಾರದೋ ತಲೆಗೆ. ಕೊನೆಗೆ ಯಾರ ಕೈಯಲ್ಲಿ ಗಾಡಿ ಮುರಿಯುತ್ತದೋ ಅವರು ಎಲ್ಲರ ಬಾಕಿಯನ್ನೂ ಒಟ್ಟಿಗೆ ತೀರಿಸುತ್ತಾರೆ.

ಹಾಗಾದರೆ ಮಾರುವ ವಸ್ತುವಿನ ಪ್ರತಿಯೊಂದು ಕೊರತೆಯನ್ನೂ ಹೇಳಬೇಕೇ? ಇದನ್ನು ನಾನು ಬಹಳ ಯೋಚಿಸಿದ್ದೇನೆ. ಬಣ್ಣ ಮಾಸಿರುವುದು, ಸೀಟು ಹರಿದಿರುವುದು ಕೊಳ್ಳುವವನ ಕಣ್ಣಿಗೇ ಕಾಣುತ್ತದೆ. ಅದನ್ನು ಹೇಳಲೇಬೇಕೆಂದಿಲ್ಲ. ಹದಿನೈದು ವರ್ಷದ ಗಾಡಿ ಆಯಿಲ್ ಕುಡಿಯುತ್ತದೆ, ಕ್ಲಚ್ ಪ್ಲೇಟು ಸವೆದಿದೆ ಎಂಬುದನ್ನು ಬಲ್ಲವನು ಪರೀಕ್ಷಿಸಿದರೆ ತಿಳಿಯುತ್ತದೆ. ಕೇಳಿದರೆ ನಿಜ ಹೇಳಿದರಾಯಿತು. ಆದರೆ ನಾವೇ ಮುಚ್ಚಿಟ್ಟದ್ದು ಇದೆಯಲ್ಲ, ಅದು ಬೇರೆ. ಅಲ್ಲಿ 'ನಾನು ಹೇಳಲಿಲ್ಲ ಅಷ್ಟೆ' ಎನ್ನುವ ಹಾಗಿಲ್ಲ. ಬ್ರಷ್ ಹಿಡಿದ ಕೈ ಆಗಲೇ ಹೇಳಿಬಿಟ್ಟಿದೆ, ಸುಳ್ಳನ್ನು. ನೀಲಿ ಹೊಗೆ ಕಾಣದಿರಲೆಂದು ಮಂದವಾದ ಆಯಿಲ್ ಸುರಿಯುವುದು, ಗೇರ್ ಬಾಕ್ಸಿನ ಗರಗರ ಕೇಳದಿರಲೆಂದು ಮರದ ಹೊಟ್ಟು ತುಂಬುವುದು ಇವೆಲ್ಲ ಅದೇ ಜಾತಿ. ಅದೇ ವೆಲ್ಡಿಂಗ್ ಕಡ್ಡಿ, ಅದೇ ಕೈ. ಗಾಡಿ ನಿಲ್ಲಲೆಂದು ಮಾಡಿದರೆ ರಿಪೇರಿ, ಕೊಳ್ಳುವವನ ಕಣ್ಣು ತಪ್ಪಿಸಲೆಂದು ಮಾಡಿದರೆ ಮರೆಮಾಚುವಿಕೆ. ಪ್ರಾಣಕ್ಕೆ ಎರವಾಗುವ ಕೊರತೆಯಾದರಂತೂ ಕೇಳುವವರೆಗೆ ಕಾಯುವಂತೆಯೇ ಇಲ್ಲ.

ಬುಧವಾರ ಅವರು ಬಂದರು. ಫಾರಂ 29, ಫಾರಂ 30 ಎಲ್ಲ ಮೇಜಿನ ಮೇಲಿದ್ದವು, ಸಹಿ ಒಂದು ಬಾಕಿ. ನಾನು ಅಡುಗೆಮನೆಯಿಂದ ಹೊರಬಂದು ನಿಂತೆ. ನಮ್ಮವರು ನನ್ನ ಮುಖ ನೋಡಿದರು. ಏನನ್ನಿಸಿತೋ, ಎದ್ದು ಟಾರ್ಚ್ ತೆಗೆದುಕೊಂಡು ಅಂಗಳಕ್ಕಿಳಿದರು. "ಬಾರಪ್ಪ, ಒಂದು ಜಾಗ ತೋರಿಸ್ತೀನಿ" ಎಂದು ಆ ಹುಡುಗನನ್ನು ಕರೆದರು. ಇಬ್ಬರೂ ಗಾಡಿಯ ಅಡಿಗೆ ನುಸುಳಿದರು. ಎರಡು ಜೊತೆ ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು.

ಹೊರಬಂದ ಹುಡುಗನ ಮುಖ ಕೆಂಪಗಾಗಿತ್ತು. "ಮೊದಲೇ ಯಾಕೆ ಹೇಳಲಿಲ್ಲ?" ಎಂದ. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಮುಂಗಡ ವಾಪಸ್ ಎಣಿಸಿಕೊಂಡು ಹೊರಟುಬಿಟ್ಟ. ಹೆಂಡತಿ ಹಿಂದೆ ತಿರುಗಿ ಒಮ್ಮೆ ನನ್ನನ್ನು ನೋಡಿದಳು. ಅದರಲ್ಲಿ ಕೃತಜ್ಞತೆ ಇರಲಿಲ್ಲ. ಕೇಳಿದ ದಿನವೇ ಹೇಳದ ಅಕ್ಕನನ್ನು ನೋಡುವ ನೋಟ ಅದು. ಅದಕ್ಕೆ ನಾನು ಅರ್ಹಳೇ.

ಅವರು ಮತ್ತೆ ಬರಲಿಲ್ಲ. ಬೇರೆ ಯಾವ ಗಾಡಿ ಕೊಂಡರೋ, ಅದರ ಅಡಿಯಲ್ಲಿ ಯಾರು ಏನು ಬಳಿದಿದ್ದರೋ, ಇಂದಿಗೂ ನನಗೆ ಗೊತ್ತಿಲ್ಲ. ನಮ್ಮ ಗಾಡಿ ಎರಡು ತಿಂಗಳು ಅಂಗಳದಲ್ಲೇ ನಿಂತಿತು. ಕೊನೆಗೆ 18,000 ಖರ್ಚು ಮಾಡಿ, ಬಾಡಿ ಇಳಿಸಿ, ಸರಿಯಾಗಿ ಪ್ಲೇಟು ಕೊಡಿಸಿದೆವು. ಮುಂದೆ ಬಂದವರಿಗೆ ಮೊದಲೇ ಹೇಳಿದೆವು. 1,10,000ಕ್ಕೆ ಹೋಯಿತು. ಒಟ್ಟು 53,000 ರೂಪಾಯಿ ನಷ್ಟ. ನನ್ನ ಚೀಟಿಯ ದುಡ್ಡು ಎತ್ತಿ ಬೋರ್‌ವೆಲ್ ಸಾಲದ ಬಡ್ಡಿ ಕಟ್ಟಿದೆವು. ಸತ್ಯಕ್ಕೆ ಲಾಭವಿದೆ ಎಂದು ಯಾರಾದರೂ ಹೇಳಿದರೆ ನಾನು ಈ ಲೆಕ್ಕ ತೋರಿಸುತ್ತೇನೆ.

ಆದರೆ ಸುಳ್ಳಿನ ನಷ್ಟಕ್ಕೂ ಒಂದು ಲೆಕ್ಕವಿದೆಯಂತೆ. ಅಮೆರಿಕದ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೇ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಲೇಖನ ಬರೆದರು. ಒಳಗಿನ ದೋಷ ಮಾರುವವನಿಗೆ ಮಾತ್ರ ಗೊತ್ತು. ಕೊಳ್ಳುವವನು ಯಾರನ್ನೂ ನಂಬಲಾರದೆ ಎಲ್ಲ ಗಾಡಿಗೂ ಕಡಿಮೆ ಬೆಲೆಯನ್ನೇ ಹೇಳುತ್ತಾನೆ. ಆಗ ಒಳ್ಳೆಯ ಗಾಡಿಯವನು, ಈ ಬೆಲೆಗೆ ಏಕೆ ಕೊಡಲಿ ಎಂದು ಪೇಟೆಯಿಂದ ಹಿಂದೆ ಸರಿಯುತ್ತಾನೆ. ಉಳಿಯುವುದು ಕೆಟ್ಟವೇ. 2001ರಲ್ಲಿ ಅವರು ಇನ್ನಿಬ್ಬರೊಡನೆ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು. ಅವರ ನಾಡಿನಲ್ಲಿ ಕೆಟ್ಟ ಗಾಡಿಗೆ 'ನಿಂಬೆಹಣ್ಣು' ಎನ್ನುತ್ತಾರಂತೆ. ನಾವಾದರೆ ಹೊಸ ಗಾಡಿಯ ಚಕ್ರದಡಿ ನಿಂಬೆಹಣ್ಣಿಟ್ಟು, ಕೆಟ್ಟದ್ದೆಲ್ಲ ಹೋಗಲಿ ಎಂದು ಹತ್ತಿಸುವವರು! ಹೆಸರು ಏನೇ ಇರಲಿ, ವಿಷಯ ನಮ್ಮದೇ. ಒಂದೊಂದು ಮೌನವೂ ನಂಬಿಕೆಯ ಪಾತ್ರೆಯಲ್ಲಿ ಒಂದೊಂದು ತೂತು. ಕೊನೆಗೆ ನಿಜ ಹೇಳುವವರ ಮಾತಿಗೂ ಬೆಲೆ ಇಲ್ಲವಾಗುತ್ತದೆ.

ನಾನು ಮಾಡಿದ್ದು ಸರಿ ಎಂದು ನಮ್ಮವರು ಇವತ್ತಿಗೂ ಬಾಯಿಬಿಟ್ಟು ಹೇಳಿಲ್ಲ. ಟಾರ್ಚ್ ಎತ್ತಿಕೊಂಡು ಹೋದವರು ತಾವೇ ಎಂಬುದನ್ನೂ ನೆನಪಿಸಿಕೊಳ್ಳುವುದಿಲ್ಲ. ಮುಂದಿನ ವರ್ಷ ಮಾಲೂರಿನ ಕಡೆ ಒಂದು ಹಳೇ ಗಾಡಿ ನೋಡಲು ಹೊರಟಾಗ ಮಾತ್ರ, ಚಪ್ಪಲಿ ಮೆಟ್ಟುತ್ತಾ, "ನೀನೂ ಬಾ" ಎಂದರು.

ಹೋದೆ. ಗಂಡಸರು ಅಂಗಳದಲ್ಲಿ ಬಾನೆಟ್ ಎತ್ತಿ ನಿಂತರು. ನಾನು ಒಳಗೆ ಹೋದೆ. ಆ ಮನೆಯಾಕೆ ಕಾಫಿಗೆ ಇಟ್ಟಿದ್ದರು. ನನಗಿಂತ ಒಂದೆರಡು ವರ್ಷ ದೊಡ್ಡವರಿರಬೇಕು. "ಅಕ್ಕಾ, ಗಾಡೀಲಿ ಏನಾದ್ರೂ ಇದ್ರೆ ಹೇಳಿಬಿಡಿ" ಎಂದೆ.

ಆಕೆ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ತಲೆ ತಗ್ಗಿಸಿ ಲೋಟದಲ್ಲಿ ಸಕ್ಕರೆ ಕಲಸತೊಡಗಿದರು. ಬಹಳ ಹೊತ್ತು ಕಲಸಿದರು.

ಆ ಗಾಡಿಯನ್ನು ನಾವು ಕೊಳ್ಳಲಿಲ್ಲ.